ಸೈಕಲ್ ಡಿಸ್ಕ್ ಬ್ರೇಕಿಗೆ ಯಾವ ಎಣ್ಣೆ? ಬೈಕ್ ಅಂಗಡಿಯ ಬಾಟಲ್ ತೆರೆಯುವ ಮುನ್ನ ಓದಿ

ಕೆ.ಆರ್.ಪೇಟೆ: ಗೋವಿಂದನಹಳ್ಳಿಯಂಥ ಊರಿನಲ್ಲಿ ಗೇರ್ ಸೈಕಲ್ಲಿನ ಡಿಸ್ಕ್ ಬ್ರೇಕ್ ಹಿಡಿಯದೆ ಹೋದರೆ ಮನೆಯವರಿಗೆ ಮೊದಲು ನೆನಪಾಗುವುದು ಪಕ್ಕದ ಬೈಕ್ ಮೆಕ್ಯಾನಿಕ್. ‘ಅಣ್ಣ, ಹೈದನ ಸೈಕಲ್ ಬ್ರೇಕು ಲೂಸಾಗೈತೆ, ವಸಿ ಆಯಿಲ್ ಹಾಕ್ಕೊಡಿ’ ಅಂದರೆ ಅವರ ಕೈ ಹೋಗುವುದು ಶೆಲ್ಫಿನಲ್ಲಿರುವ ಡಾಟ್ 3 ಅಥವಾ ಡಾಟ್ 4 ಬಾಟಲಿಗೆ. ಹಾಕಿದ ದಿನ ಬ್ರೇಕ್ ಚೆನ್ನಾಗೇ ಹಿಡಿಯುತ್ತದೆ. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ತೊಂದರೆ ಶುರುವಾಗುವುದು ಕೆಲವು ದಿನ ಅಥವಾ ವಾರ ಕಳೆದ ಮೇಲೆ: ಲಿವರ್ ಒತ್ತಿದರೆ ವಾಪಸ್ ಬರುವುದಿಲ್ಲ, ಚಕ್ರ ಬಿಗಿಯಾಗಿ ತಿರುಗುತ್ತದೆ, ಕೊನೆಗೆ ಎಣ್ಣೆ ಜಿನುಗಿ ಬ್ರೇಕೇ ಇಲ್ಲದಂತಾಗುತ್ತದೆ.

ಊರೊಳಗಿನ ಸಮತಟ್ಟು ರಸ್ತೆಯಲ್ಲಿ ಹೀಗಾದರೆ ಕಾಲು ಊರಿ ನಿಲ್ಲಿಸಬಹುದು. ಮೇಲುಕೋಟೆ ಬೆಟ್ಟ ಇಳಿಯುವಾಗಲೋ, ಶ್ರೀರಂಗಪಟ್ಟಣದ ಕರಿಘಟ್ಟದ ಇಳಿಜಾರಿನಲ್ಲೋ ಆದರೆ ಆ ಅವಕಾಶ ಇರುವುದಿಲ್ಲ. ತಾಲ್ಲೂಕಿನ ಸೈಕಲ್ ಅಂಗಡಿ, ಬೈಕ್ ಗ್ಯಾರೇಜ್ ನಡೆಸುವವರು ಮತ್ತು ಮಕ್ಕಳಿಗೆ ಗೇರ್ ಸೈಕಲ್ ಕೊಡಿಸಿರುವ ಪೋಷಕರು ತಿಳಿದಿರಬೇಕಾದ ವಿಷಯ ಇಲ್ಲಿದೆ.

ಮೊದಲು ನೋಡಿ, ಎಣ್ಣೆ ಬೇಕೇ ಅಂತ

ಡಿಸ್ಕ್ ಇದ್ದ ಮಾತ್ರಕ್ಕೆ ಅದು ಎಣ್ಣೆ ಬ್ರೇಕ್ ಅಲ್ಲ. ಕಡಿಮೆ ಬೆಲೆಯ ಗೇರ್ ಸೈಕಲ್‌ಗಳಲ್ಲಿ ಬರುವುದು ಸಾಮಾನ್ಯವಾಗಿ ಕೇಬಲ್ ಡಿಸ್ಕ್. ಗುರುತಿಸುವುದು ಸುಲಭ. ಚಕ್ರದ ಹತ್ತಿರ ಪ್ಯಾಡ್ ಇರುವ ಭಾಗಕ್ಕೆ ಕ್ಯಾಲಿಪರ್ ಅಂತಾರೆ. ಲಿವರ್ ಒತ್ತಿದಾಗ ಅಲ್ಲಿ ಒಂದು ಪುಟ್ಟ ತೋಳು ಅಲ್ಲಾಡಿ, ಅದರ ತುದಿಗೆ ಹೆಣೆದ ತಂತಿ ಬೋಲ್ಟಿನಲ್ಲಿ ಕಚ್ಚಿಕೊಂಡಿದ್ದರೆ ಅದು ಕೇಬಲ್ ಬ್ರೇಕ್. ಅದಕ್ಕೆ ಯಾವ ಬ್ರೇಕ್ ಆಯಿಲ್ಲೂ ಬೇಡ. ತಂತಿ ಬಿಗಿ ಮಾಡಿ, ಪ್ಯಾಡ್ ಸವೆದಿದ್ದರೆ ಬದಲಿಸಿದರೆ ಮುಗಿಯಿತು. ತೋಳು ಇಲ್ಲದೆ, ಕಪ್ಪು ಪ್ಲಾಸ್ಟಿಕ್ ಪೈಪ್ ನೇರವಾಗಿ ಕ್ಯಾಲಿಪರ್ ಒಳಕ್ಕೆ ಹೋಗಿದ್ದರೆ ಮಾತ್ರ ಅದು ಹೈಡ್ರಾಲಿಕ್.

2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಕೊಡುತ್ತಾ ಬಂದ ಸೈಕಲ್ಲುಗಳಿಗೆ ಈ ತಲೆನೋವೇ ಇಲ್ಲ. ಅವುಗಳ ಬ್ರೇಕ್ ಕಟ್ಟೆ ರಿಮ್ಮಿಗೆ ಒತ್ತುವಂಥದ್ದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಡಿಸ್ಕ್ ಕಿರ್ರ್ ಅಂತ ಸದ್ದು ಮಾಡಿದರೆ ಕೆಲವರು ಚೈನಿಗೆ ಬಿಟ್ಟ ಹಾಗೆ ಡಿಸ್ಕಿಗೂ ಎರಡು ಹನಿ ಎಣ್ಣೆ ಬಿಡುತ್ತಾರೆ. ಸದ್ದು ಹೋಗುತ್ತದೆ, ಜೊತೆಗೆ ಬ್ರೇಕೂ ಹೋಗುತ್ತದೆ. ಎಣ್ಣೆ ಕುಡಿದ ಪ್ಯಾಡನ್ನು ಒರೆಸಿ ಸರಿ ಮಾಡಲಾಗದು, ಬದಲಿಸಲೇಬೇಕು.

ಎಣ್ಣೆಯ ಪ್ರಶ್ನೆ ಅಲ್ಲ, ರಬ್ಬರಿನ ಪ್ರಶ್ನೆ

ಹೈಡ್ರಾಲಿಕ್ ಬ್ರೇಕಿಗೆ ಹಾಕುವ ದ್ರವದಲ್ಲಿ ಎರಡು ಜಾತಿ. ಒಂದು ಡಾಟ್, ಇನ್ನೊಂದು ಮಿನರಲ್ ಆಯಿಲ್. ಹೆಸರಿಗೆ ಎರಡೂ ಬ್ರೇಕ್ ಆಯಿಲ್ಲೇ. ಆದರೆ ಡಾಟ್ 3, ಡಾಟ್ 4, ಡಾಟ್ 5.1 ನಿಜವಾಗಿ ಎಣ್ಣೆಗಳೇ ಅಲ್ಲ. ಅವು ಗ್ಲೈಕಾಲ್ ಈಥರ್ ಎಂಬ ರಾಸಾಯನಿಕದಿಂದ ಮಾಡಿದ ದ್ರವ, ನೀರಿನಲ್ಲಿ ಕರಗುತ್ತವೆ. ಮಿನರಲ್ ಆಯಿಲ್ ಪೆಟ್ರೋಲಿಯಂನಿಂದ ಬಂದ ಶುದ್ಧ ತೆಳು ಎಣ್ಣೆ, ನೀರಿನ ಮೇಲೆ ತೇಲುತ್ತದೆ.

ಲಿವರಿನ ಒಳಗೂ ಕ್ಯಾಲಿಪರಿನ ಒಳಗೂ ಪುಟ್ಟ ರಬ್ಬರ್ ಸೀಲುಗಳಿವೆ. ಡಾಟ್ ಬ್ರೇಕಿನಲ್ಲಿ ಇರುವುದು ಇಪಿಡಿಎಂ ಎಂಬ ರಬ್ಬರು. ಅದಕ್ಕೆ ಪೆಟ್ರೋಲಿಯಂ ಎಣ್ಣೆ ತಾಗಿದರೆ ನೆನೆಹಾಕಿದ ಕಡಲೆಕಾಳಿನಂತೆ ಊದಿಕೊಳ್ಳುತ್ತದೆ. ಮಿನರಲ್ ಆಯಿಲ್ ಬ್ರೇಕಿನಲ್ಲಿ ಇರುವುದು ಸಾಮಾನ್ಯವಾಗಿ ನೈಟ್ರೈಲ್ ರಬ್ಬರು. ಅದಕ್ಕೆ ಡಾಟ್ ತಾಗಿದರೆ ಊದಿ, ಮೆತ್ತಗಾಗಿ ಹಾಳಾಗುತ್ತದೆ. ‘ಯಾವ ಎಣ್ಣೆ ಒಳ್ಳೆಯದು’ ಅಂತ ಕೇಳುವುದಕ್ಕಿಂತ ‘ಒಳಗಿರುವ ರಬ್ಬರ್ ಯಾವುದು’ ಅಂತ ಕೇಳಬೇಕಾದ್ದು ಇದಕ್ಕೇ. ಬೆಲೆ ಎಷ್ಟೇ ಇರಲಿ, ಕಂಪನಿ ಯಾವುದೇ ಇರಲಿ, ಜಾತಿ ತಪ್ಪಿದರೆ ಸೀಲ್ ಹೋಗುತ್ತದೆ.

ನಮ್ಮ ಕಡೆ ಈ ತಪ್ಪು ಆಗುವುದಕ್ಕೆ ಕಾರಣವೂ ಸ್ಪಷ್ಟ. ಡಿಸ್ಕ್ ಬ್ರೇಕ್ ಬೈಕುಗಳು ಊರೂರಲ್ಲಿವೆ. 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿದೆ. ಬೈಕು, ಕಾರು ಎಲ್ಲಕ್ಕೂ ಡಾಟ್ ದ್ರವವೇ ಬೇಕಾದ್ದರಿಂದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ‘ಬ್ರೇಕ್ ಆಯಿಲ್’ ಅಂದರೆ ಕೊಡುವುದು ಅದನ್ನೇ. ಆದರೆ ಸೈಕಲ್ಲಿನಲ್ಲಿ ಹೆಚ್ಚಾಗಿ ಬರುವುದು ಮಿನರಲ್ ಆಯಿಲ್ ಬ್ರೇಕ್. ಮೆಕ್ಯಾನಿಕ್ ಮಾಡುವುದು ಅವರ ಲೆಕ್ಕದಲ್ಲಿ ಸರಿಯಾದ ಕೆಲಸವೇ. ಗಾಡಿ ಮಾತ್ರ ಬೇರೆ.

ನಿಮ್ಮ ಬ್ರೇಕ್ ಯಾವ ಜಾತಿ

ಲಿವರಿನ ಮೇಲೆ ಅಥವಾ ಅದರ ಆಯಿಲ್ ಮುಚ್ಚಳದ ಮೇಲೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಮೊಬೈಲ್ ಟಾರ್ಚ್ ಹಾಕಿ ಓದಿ. ಶಿಮಾನೊ, ಟೆಕ್ಟ್ರೊ, ಮಗುರ ಕಂಪನಿಗಳ ಸೈಕಲ್ ಬ್ರೇಕುಗಳೆಲ್ಲ ಮಿನರಲ್ ಆಯಿಲ್ಲಿನವು. ಹೋಪ್ ಕಂಪನಿಯವು ಡಾಟ್. ಗೊಂದಲ ಇರುವುದು ಸ್ರಾಮ್‌ನಲ್ಲಿ. ಆ ಕಂಪನಿ, ಅದರ ಹಳೆಯ ಏವಿಡ್ ಬ್ರೇಕುಗಳೂ ಸೇರಿ, ಬಹುಕಾಲ ಡಾಟ್ ಮೇಲೆಯೇ ನಡೆದು, ಈಚಿನ ವರ್ಷಗಳಲ್ಲಿ ಡಿಬಿ8, ಮೇವನ್ ಮುಂತಾದ ಮಾದರಿಗಳನ್ನು ಮಿನರಲ್ ಆಯಿಲ್ಲಿಗೆ ತಂದಿದೆ. ಅಂದರೆ ಕಂಪನಿಯ ಹೆಸರಷ್ಟೇ ಸಾಲದು, ಮಾದರಿಯ ಹೆಸರೂ ಬೇಕು. ಸೈಕಲ್ ಜೊತೆ ಬಂದ ಪುಸ್ತಕ ಕಳೆದಿದ್ದರೆ ಮಾದರಿ ಹೆಸರು ಹಾಕಿ ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿದರೆ ಸಿಗುತ್ತದೆ.

ಅಕ್ಷರ ಅಳಿಸಿಹೋಗಿ ಏನೂ ಕಾಣದಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಬ್ರೇಕಿನಿಂದ ಒಂದೆರಡು ಹನಿ ಹಳೆಯ ದ್ರವ ತೆಗೆದು ಗಾಜಿನ ಲೋಟದ ನೀರಿಗೆ ಬಿಟ್ಟು ಕಡ್ಡಿಯಿಂದ ಕಲಕಿ. ನೀರಿನಲ್ಲಿ ಬೆರೆತು ಮಾಯವಾದರೆ ಡಾಟ್. ಮೇಲೆ ಎಣ್ಣೆಯ ಗುಳ್ಳೆಯಾಗಿ ನಿಂತರೆ ಮಿನರಲ್. (ಆ ಲೋಟವನ್ನು ಮತ್ತೆ ಅಡುಗೆಮನೆಗೆ ಒಯ್ಯಬೇಡಿ.) ಆದರೆ ಇದು ಹೇಳುವುದು ಒಳಗೆ ಈಗ ಏನಿದೆ ಎಂಬುದನ್ನು ಮಾತ್ರ, ಏನಿರಬೇಕಿತ್ತು ಎಂಬುದನ್ನಲ್ಲ. ಸೆಕೆಂಡ್ ಹ್ಯಾಂಡ್ ಸೈಕಲ್ ಆದರೆ ಹಿಂದಿನವರು ಏನು ಸುರಿದಿದ್ದಾರೋ ಗೊತ್ತಿಲ್ಲವಲ್ಲ.

ಬಣ್ಣ ನೋಡಿ ಮಾತ್ರ ತೀರ್ಮಾನ ಮಾಡಲೇಬೇಡಿ. ಶಿಮಾನೊ ಎಣ್ಣೆ ಕೆಂಪು, ಮಗುರ ಎಣ್ಣೆ ನೀಲಿ. ಆದರೆ ಕಾರಿನ ಪವರ್ ಸ್ಟೀರಿಂಗ್ ಆಯಿಲ್ ಕೂಡ ಕೆಂಪಗೇ ಇರುತ್ತದೆ. ‘ಅದೇ ಕಲರ್ ಅಲ್ವಾ’ ಅಂತ ಸುರಿದರೆ ಕೆಟ್ಟಿರಿ.

ಡಾಟ್ ಬ್ರೇಕ್ ಇರುವವರಿಗೆ ಇಲ್ಲೇ ಸಿಗುತ್ತದೆ

ಸೈಕಲ್ಲಿಗೆ ಡಾಟ್ 4 ಅಥವಾ 5.1 ಅಂತ ಬರೆದಿದ್ದರೆ ಪರ್ಯಾಯ ಹುಡುಕುವ ಅಗತ್ಯವೇ ಇಲ್ಲ. ಬೈಕ್ ಅಂಗಡಿಯ ಸೀಲ್ ಒಡೆಯದ ಡಾಟ್ 4 ಬಾಟಲ್ ಸಾಕು. ಕಂಪನಿ ಡಾಟ್ 5.1 ಕೇಳಿದ್ದರೆ ಅದನ್ನೇ ತರಿಸುವುದು ಉತ್ತಮ. ಇವೆರಡೂ ಒಂದೇ ಜಾತಿ, ಸ್ವಲ್ಪ ಬೆರೆತರೂ ಸೀಲಿಗೆ ಹಾನಿಯಿಲ್ಲ, ಕುದಿಯುವ ಮಟ್ಟ ಮಾತ್ರ ಇಳಿಯುತ್ತದೆ. ಅಮೆರಿಕದ ವಾಹನ ಸುರಕ್ಷತಾ ನಿಯಮದಿಂದ ಬಂದ ಈ ಹೆಸರುಗಳಿಗೆ ಕನಿಷ್ಠ ಕುದಿಬಿಂದು ಗೊತ್ತುಮಾಡಲಾಗಿದೆ. ಹೊಸ ದ್ರವಕ್ಕೆ ಡಾಟ್ 3ರಲ್ಲಿ 205 ಡಿಗ್ರಿ ಸೆಲ್ಸಿಯಸ್, ಡಾಟ್ 4ರಲ್ಲಿ 230, ಡಾಟ್ 5.1ರಲ್ಲಿ 260. ನೀರಿನಂಶ ಹೀರಿಕೊಂಡ ಮೇಲೆ ಇವೇ 140, 155, 180ಕ್ಕೆ ಇಳಿಯುತ್ತವೆ.

ಆ ಇಳಿಕೆಯೇ ಡಾಟ್‌ನ ದೊಡ್ಡ ಕೊರತೆ. ಗಾಳಿಯಲ್ಲಿನ ತೇವವನ್ನು ಅದು ಉಪ್ಪಿನ ಹಾಗೆ ಹೀರುತ್ತದೆ. ಅಂಗಡಿಯಲ್ಲಿ ಆರು ತಿಂಗಳಿಂದ ಅರ್ಧ ಖಾಲಿಯಾಗಿ, ಮುಚ್ಚಳ ಸಡಿಲವಾಗಿ ನಿಂತಿರುವ ಬಾಟಲಿಯದನ್ನು ಪುಕ್ಕಟೆ ಕೊಟ್ಟರೂ ಹಾಕಿಸಬಾರದು. ಬ್ರೇಕಿನೊಳಗೆ ಇರುವುದನ್ನೂ ವರ್ಷಕ್ಕೋ ಎರಡು ವರ್ಷಕ್ಕೋ ಬದಲಿಸಬೇಕು. ಪೇಂಟಿಗೆ ತಾಗಿದರೆ ಬಣ್ಣ ಏಳುತ್ತದೆ, ತಕ್ಷಣ ನೀರು ಹಾಕಿ ತೊಳೆಯಿರಿ.

ಎಚ್ಚರ ಬೇಕಾದ್ದು ಡಾಟ್ 5 ಎಂಬ ಹೆಸರಿನ ಬಗ್ಗೆ. 5.1 ಬೇರೆ, 5 ಬೇರೆ. ಬರೀ 5 ಅಂದರೆ ಸಿಲಿಕೋನ್. ಅದು ಉಳಿದ ಡಾಟ್‌ಗಳ ಜೊತೆ ಬೆರೆಯುವುದಿಲ್ಲ. ಸೈಕಲ್ಲಿಗೆ ಅದು ಬೇಡ.

ಮಿನರಲ್ ಬ್ರೇಕಿಗೆ ಏನು ಹಾಕಬಹುದು

ಕಷ್ಟ ಇರುವುದು ಇಲ್ಲಿ. ಸೈಕಲ್ಲಿನ ಮಿನರಲ್ ಆಯಿಲ್ ಕೆ.ಆರ್.ಪೇಟೆ, ನಾಗಮಂಗಲದಂಥ ಊರುಗಳ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವ ಸರಕಲ್ಲ. ಮೈಸೂರಿನ ಅಥವಾ ಬೆಂಗಳೂರಿನ ದೊಡ್ಡ ಸೈಕಲ್ ಅಂಗಡಿಯಿಂದಲೋ ಆನ್‌ಲೈನಿನಲ್ಲೋ ತರಿಸಬೇಕು. ಆ ನಾಲ್ಕು ದಿನ ಕಾಯಲಾಗದೆ ಜನ ಕೈಗೆ ಸಿಕ್ಕಿದ್ದನ್ನು ಹಾಕುತ್ತಾರೆ.

ಮಿನರಲ್ ಆಯಿಲ್‌ಗೆ ಡಾಟ್ ತರ ಎಲ್ಲರೂ ಒಪ್ಪಿದ ಒಂದು ಮಾನದಂಡ ಇಲ್ಲ. ಪ್ರತಿ ಕಂಪನಿ ತನ್ನದನ್ನೇ ಹಾಕಿ ಅನ್ನುತ್ತದೆ. ಅದು ವ್ಯಾಪಾರದ ಮಾತೂ ಹೌದು, ಪೂರ್ತಿ ಸುಳ್ಳೂ ಅಲ್ಲ. ಎಣ್ಣೆಯ ತೆಳುವು ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ. ಆದರೂ ಟೆಕ್ಟ್ರೊ ಬ್ರೇಕಿಗೆ ಶಿಮಾನೊ ಎಣ್ಣೆ ಹಾಕಿ ಓಡಿಸುವುದು ಸೈಕಲ್ ರಿಪೇರಿಯವರಲ್ಲಿ ವಾಡಿಕೆ. ಎರಡೂ ಸೈಕಲ್ ಬ್ರೇಕಿಗೆಂದೇ ಮಾಡಿದ ತೆಳು ಮಿನರಲ್ ಎಣ್ಣೆ ಆದ್ದರಿಂದ ಸೀಲಿಗೆ ಅಪಾಯ ಕಡಿಮೆ. ವಾರಂಟಿ ಇನ್ನೂ ಇದ್ದರೆ ಮಾತ್ರ ಕಂಪನಿ ಹೇಳಿದ್ದನ್ನೇ ಹಾಕಿಸಿ. ಪರ್ಯಾಯ ಎನ್ನಬಹುದಾದರೆ ಇದೊಂದೇ ನಿಜವಾದ ಪರ್ಯಾಯ. ಫ್ರಾನ್ಸಿನ ಸಿಟ್ರೊಯೆನ್ ಹಳೆ ಕಾರುಗಳಿಗೆ ಬರುವ ಎಲ್‌ಎಚ್‌ಎಂ ಎಂಬ ಹಸಿರು ಎಣ್ಣೆಯನ್ನು ಹೊರದೇಶದ ಸೈಕಲ್ ಸವಾರರು ಬಳಸುತ್ತಾರೆ. ನಮ್ಮ ತಾಲ್ಲೂಕಿನಲ್ಲಿ ಅದನ್ನು ಹುಡುಕುವಷ್ಟು ಹೊತ್ತಿಗೆ ಸೈಕಲ್ ಎಣ್ಣೆಯೇ ಮನೆಗೆ ಬಂದಿರುತ್ತದೆ.

ಇನ್ನು ಕೈಗೆ ಸಿಗುವ ಎಣ್ಣೆಗಳು. ಟ್ರ್ಯಾಕ್ಟರ್, ಜೆಸಿಬಿ ಇರುವ ಮನೆಯಲ್ಲಿ ಹೈಡ್ರಾಲಿಕ್ ಆಯಿಲ್ ಇರುತ್ತದೆ. ಹೆಸರಲ್ಲೇ ಹೈಡ್ರಾಲಿಕ್ ಇದೆಯಲ್ಲ ಅಂತ ಅನ್ನಿಸುವುದು ಸಹಜ. ಅದರ ಡಬ್ಬದ ಮೇಲಿನ 46, 68 ಎಂಬ ಅಂಕಿ 40 ಡಿಗ್ರಿಯಲ್ಲಿ ಎಣ್ಣೆ ಎಷ್ಟು ಗಟ್ಟಿ ಅನ್ನುವುದನ್ನು ಹೇಳುತ್ತದೆ. ಸೈಕಲ್ ಬ್ರೇಕಿನ ಎಣ್ಣೆ ಅದಕ್ಕಿಂತ ಎಷ್ಟೋ ತೆಳು. ಸೈಕಲ್ಲಿನ ಪೈಪಿನ ಒಳ ರಂಧ್ರ ಬಲು ಕಿರಿದು. ಗಟ್ಟಿ ಎಣ್ಣೆ ಅದರೊಳಗೆ ನಿಧಾನ ಓಡುತ್ತದೆ. ಬೆಳಿಗ್ಗೆ ಚಳಿಯಲ್ಲಿ ಲಿವರ್ ಬಿಟ್ಟರೂ ಪ್ಯಾಡ್ ಬೇಗ ಬಿಡುವುದಿಲ್ಲ. ಎಂಜಿನ್ ಆಯಿಲ್ ಇನ್ನೂ ಗಟ್ಟಿ, ಮೇಲಾಗಿ ಅದರೊಳಗೆ ಎಂಜಿನ್ ತೊಳೆಯುವ ಕೆಮಿಕಲ್ಲುಗಳಿವೆ. ಬೈಕಿನ ಫೋರ್ಕ್ ಆಯಿಲ್ಲಿನಲ್ಲಿ ತುಂಬಾ ತೆಳು ಗ್ರೇಡುಗಳು ಇವೆಯಾದರೂ ಇಲ್ಲಿನ ಅಂಗಡಿಗಳಲ್ಲಿ ಇರುವುದು ಹೆಚ್ಚಾಗಿ ಗಟ್ಟಿ ಗ್ರೇಡ್.

ಹೊಲಿಗೆ ಮೆಷಿನ್ ಎಣ್ಣೆ ತೆಳುವಾಗಿದೆ, ಅದೂ ಪೆಟ್ರೋಲಿಯಂ ಜಾತಿಯದೇ. ಮೇಲ್ನೋಟಕ್ಕೆ ಇದೇ ಸರಿ ಅನ್ನಿಸುತ್ತದೆ. ಆದರೆ ಅದನ್ನು ಬಿಸಿಗಾಗಲಿ ಒತ್ತಡಕ್ಕಾಗಲಿ ಪರೀಕ್ಷಿಸಿ ಮಾಡಿರುವುದಿಲ್ಲ, ಬಿಡಿಯಾಗಿ ಮಾರುವ ಎಣ್ಣೆಯಲ್ಲಿ ಏನು ಬೆರೆತಿದೆ ಅಂತ ಹೇಳುವವರೂ ಇಲ್ಲ. ಬೇಬಿ ಆಯಿಲ್ ಕತೆಯೂ ಇದೇ: ಬಹುಪಾಲು ಮಿನರಲ್ ಎಣ್ಣೆ, ಜೊತೆಗೆ ಸೆಂಟು. ಮೆಡಿಕಲ್ ಸ್ಟೋರಿನ ಲಿಕ್ವಿಡ್ ಪ್ಯಾರಾಫಿನ್ ಶುದ್ಧವೇನೋ ಹೌದು, ಆದರೆ ಅದರಲ್ಲಿ ಹೆವಿ ಮತ್ತು ಲೈಟ್ ಅಂತ ಎರಡಿದ್ದು, ಹೆವಿ ಬಹಳ ಗಟ್ಟಿ. ಇವುಗಳನ್ನು ಹಾಕಿದರೆ ಸೀಲ್ ಒಂದೇ ದಿನದಲ್ಲಿ ಹಾಳಾಗುವುದಿಲ್ಲ ಅನ್ನುವುದು ನಿಜ. ನಿಂತ ಸೈಕಲ್ಲನ್ನು ಮನೆ ತನಕ ತರುವುದಕ್ಕೆ ಬೇಕಾದರೆ ಆದೀತು. ಮಗುವಿನ ಸೈಕಲ್ಲಿಗೆ ಹಾಕಿ ‘ರೆಡಿ ಆಯ್ತು, ತಗೊಂಡೋಗಿ’ ಅನ್ನುವಂಥದ್ದಲ್ಲ.

ಅಡುಗೆ ಎಣ್ಣೆಯ ಬಗ್ಗೆ ಹೇಳಲೇಬೇಕು, ಯಾಕೆಂದರೆ ಅದನ್ನೂ ಹಾಕುವವರಿದ್ದಾರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಬೆಳಿಗ್ಗೆ ಬಚ್ಚಲಲ್ಲಿ ಬಾಟಲಿಯಿಂದ ಎಣ್ಣೆ ಬೀಳದೆ ಬಿಸಿಲಿಗೆ ಇಟ್ಟವರಿಗೆಲ್ಲ ಇದು ಗೊತ್ತು. ಬ್ರೇಕ್ ಪೈಪಿನೊಳಗೂ ಅದೇ ಆಗುತ್ತದೆ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಹಳತಾದಂತೆ ಅಂಟಾಗುತ್ತವೆ. ಹರಳೆಣ್ಣೆಗೆ ಮಾತ್ರ ಒಂದು ಇತಿಹಾಸವಿದೆ. ಮೋಟಾರು ಗಾಡಿಗಳಿಗೆ ಹೈಡ್ರಾಲಿಕ್ ಬ್ರೇಕ್ ಬಂದ ಮೊದಲ ದಿನಗಳಲ್ಲಿ ಹರಳೆಣ್ಣೆಗೆ ಆಲ್ಕೋಹಾಲ್ ಬೆರೆಸಿದ ದ್ರವವನ್ನೇ ಬಳಸುತ್ತಿದ್ದರು. ಆಗಿನ ಸೀಲುಗಳು ಮರದ ಹಾಲಿನಿಂದ ಮಾಡಿದ ರಬ್ಬರಿನವು, ಅವಕ್ಕೆ ಅದು ಹೊಂದುತ್ತಿತ್ತು. ಈಗಿನ ಸೀಲು ಅದಲ್ಲ.

ಒಳಗೆ ನೀರು ಸೇರಿದರೆ

ಮಿನರಲ್ ಆಯಿಲ್ ನೀರು ಹೀರುವುದಿಲ್ಲ ಎಂಬುದನ್ನು ಅದರ ದೊಡ್ಡ ಗುಣ ಅಂತ ಹೇಳುತ್ತಾರೆ. ಆದರೆ ಒಳಗೆ ಹೇಗೋ ನೀರು ಸೇರಿದರೆ ಅದು ಬೆರೆಯದೆ ಹನಿಯಾಗಿಯೇ ಉಳಿದು, ಎಣ್ಣೆಗಿಂತ ಭಾರವಾದ್ದರಿಂದ ಕೆಳಗೆ ಕ್ಯಾಲಿಪರಿಗೆ ಇಳಿಯುತ್ತದೆ. ಬ್ರೇಕಿನಲ್ಲಿ ಅತಿ ಹೆಚ್ಚು ಬಿಸಿಯಾಗುವ ಜಾಗ ಅದೇ.

ಎಷ್ಟು ಬಿಸಿ? ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ತೂಕ ಅಂತಿಟ್ಟುಕೊಳ್ಳಿ. 100 ಮೀಟರ್ ಎತ್ತರವನ್ನು ಬ್ರೇಕ್ ಹಿಡಿದೇ ನಿಧಾನವಾಗಿ ಇಳಿದರೆ ಹುಟ್ಟುವ ಶಾಖ ಸುಮಾರು 78 ಕಿಲೋಜೌಲ್. ಕಾಲು ಲೀಟರ್ ತಣ್ಣೀರನ್ನು ಕುದಿ ಬರಿಸಲು ಅಷ್ಟು ಸಾಕು. ಅದರಲ್ಲಿ ಬಹಳಷ್ಟು ಗಾಳಿಗೆ ಹೋಗುತ್ತದೆ ನಿಜ, ಆದರೆ ಎರಡು ಪುಟ್ಟ ಡಿಸ್ಕುಗಳು ಅಷ್ಟನ್ನೂ ಹೊತ್ತು ಆರಬೇಕು. ಕ್ಯಾಲಿಪರಿನಲ್ಲಿರುವ ನೀರಿನ ಹನಿ ಕುದಿದು ಆವಿಯಾದರೆ, ಲಿವರ್ ಒತ್ತಿದಾಗ ಒತ್ತಡ ಪ್ಯಾಡಿಗೆ ಹೋಗುವ ಬದಲು ಆ ಆವಿಯನ್ನು ಹಿಂಡುವುದರಲ್ಲೇ ಮುಗಿದುಹೋಗುತ್ತದೆ. ಲಿವರ್ ಹ್ಯಾಂಡಲ್ ತನಕ ಬರುತ್ತದೆ, ಸೈಕಲ್ ನಿಲ್ಲುವುದಿಲ್ಲ. ಎಣ್ಣೆಗೆ ನೀರು ಬೆರೆಸಿ ಸರಿದೂಗಿಸುವುದು, ಒದ್ದೆ ಸಿರಿಂಜ್ ಬಳಸುವುದು ಎರಡೂ ಅಪಾಯ ಅನ್ನುವುದಕ್ಕೆ ಕಾರಣ ಇದು. ಇಳಿಜಾರಿನಲ್ಲಿ ಬ್ರೇಕನ್ನು ಸದಾ ಹಿಡಿದೇ ಇರದೆ, ಎರಡನ್ನೂ ಒಟ್ಟಿಗೆ ಒತ್ತಿ, ಬಿಟ್ಟು, ಮತ್ತೆ ಒತ್ತಿ ಇಳಿಯಬೇಕು. ನಡುವೆ ಒಮ್ಮೆ ನಿಂತು ಆರಲು ಬಿಟ್ಟರೆ ಇನ್ನೂ ಒಳ್ಳೆಯದು. ನಿಂತಾಗ ಡಿಸ್ಕ್ ಮುಟ್ಟಬೇಡಿ, ಕೈ ಸುಡುತ್ತದೆ.

ತಪ್ಪು ಎಣ್ಣೆ ಈಗಾಗಲೇ ಹಾಕಿದ್ದರೆ

ಹಾಕಿ ಒಂದೆರಡು ಗಂಟೆಯೊಳಗೆ ಗೊತ್ತಾದರೆ ಕೂಡಲೇ ಪೂರ್ತಿ ಇಳಿಸಿ, ಸರಿಯಾದ ಎಣ್ಣೆಯಿಂದ ಎರಡು ಮೂರು ಸಲ ತೊಳೆದು ತುಂಬಬೇಕು. ಅದಾದ ಮೇಲೂ ಕೆಲವು ವಾರ ಲಿವರ್ ಸರಾಗ ವಾಪಸ್ ಬರುತ್ತಿದೆಯೇ, ಪೈಪಿನ ತುದಿಯಲ್ಲಿ ಜಿಡ್ಡು ಕಾಣುತ್ತಿದೆಯೇ ನೋಡುತ್ತಿರಬೇಕು. ಅಲ್ಲಿಯವರೆಗೆ ಆ ಸೈಕಲ್ ಬೆಟ್ಟ ಹತ್ತುವುದು ಬೇಡ. ದಿನಗಟ್ಟಲೆ ಓಡಿಸಿದ್ದರೆ ತೊಳೆದು ಪ್ರಯೋಜನವಿಲ್ಲ. ಊದಿದ ರಬ್ಬರ್ ಹಿಂದಿನ ಅಳತೆಗೆ ಬರುವುದಿಲ್ಲ. ಬೈಕಿನಲ್ಲಾದರೆ ಸೀಲ್ ಕಿಟ್ ತಂದು ಹಾಕಬಹುದು, ಸೈಕಲ್ ಬ್ರೇಕುಗಳಿಗೆ ಎಷ್ಟೋ ಸಲ ಬಿಡಿ ಸೀಲ್ ಸಿಗುವುದೇ ಇಲ್ಲ. ಲಿವರ್ ಮತ್ತು ಕ್ಯಾಲಿಪರ್ ಎರಡನ್ನೂ ಬದಲಿಸಬೇಕಾಗುತ್ತದೆ. ಒಂದು ಬ್ರೇಕಿನೊಳಗೆ ಹಿಡಿಯುವ ಎಣ್ಣೆ ಒಂದೆರಡು ಚಮಚದಷ್ಟು, ಅದರಲ್ಲಿ ಉಳಿಸಿದ ದುಡ್ಡು ಎಷ್ಟು ಅಂತ ಆಗ ಲೆಕ್ಕ ಹಾಕಬೇಕು.

ಅಸಲಿಗೆ ಲಿವರ್ ಮೆತ್ತಗಾದ ಕೂಡಲೇ ಎಣ್ಣೆ ಕಡಿಮೆಯಾಗಿದೆ ಅಂತ ತೀರ್ಮಾನಿಸಬಾರದು. ಪ್ಯಾಡ್ ಸವೆದಂತೆ ಮಟ್ಟ ಸ್ವಲ್ಪ ಇಳಿಯುತ್ತದೆ, ಅದು ಸಹಜ. ಅದಕ್ಕಿಂತ ಹೆಚ್ಚು ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಮೇಲಿಂದ ತುಂಬಿ ಪ್ರಯೋಜನವಿಲ್ಲ. ಸೋರಿಕೆ ಇಲ್ಲದೆ ಲಿವರ್ ಸ್ಪಂಜಿನಂತೆ ಆಗಿದ್ದರೆ ಒಳಗೆ ಗಾಳಿ ಸೇರಿರುತ್ತದೆ. ಸೈಕಲ್ ತಲೆಕೆಳಗು ಮಾಡಿ ಪಂಕ್ಚರ್ ಹಾಕಿಸಿದ ಮೇಲೆ ಹೀಗಾಗುವುದುಂಟು. ಆಗ ಬೇಕಾದ್ದು ಏರ್ ತೆಗೆಯುವ ಕೆಲಸ. ಇನ್ನು ಚಕ್ರ ಬಿಚ್ಚಿಟ್ಟಾಗ ಮಕ್ಕಳು ಲಿವರ್ ಒತ್ತಿ ಆಡಿದರೆ ಪಿಸ್ಟನ್ ಹೊರಗೆ ಬಂದು ಪ್ಯಾಡ್ ಎರಡೂ ಕೂಡಿಕೊಳ್ಳುತ್ತವೆ. ಪ್ಯಾಡ್ ತೆಗೆದು, ಪ್ಲಾಸ್ಟಿಕ್ ಅಥವಾ ಮರದ ಚಪ್ಪಟೆ ಕಡ್ಡಿಯಿಂದ ಪಿಸ್ಟನ್ ನಿಧಾನ ಒಳಕ್ಕೆ ತಳ್ಳಿದರೆ ಸರಿಹೋಗುತ್ತದೆ. ಇದಕ್ಕೂ ಹನಿ ಎಣ್ಣೆ ಬೇಡ.

ಅಂಗಡಿಯವರು ಇಟ್ಟುಕೊಳ್ಳಬೇಕಾದ್ದು

ಸೈಕಲ್ ಮಿನರಲ್ ಆಯಿಲ್ 50, 100 ಮಿಲಿಲೀಟರಿನ ಸಣ್ಣ ಬಾಟಲಿಯಲ್ಲೂ ಬರುತ್ತದೆ. ಒಂದು ತರಿಸಿಟ್ಟರೆ ಹಲವು ಸೈಕಲ್ಲಿಗೆ ಆಗುತ್ತದೆ, ಮುಚ್ಚಳ ಭದ್ರವಾಗಿದ್ದರೆ ಡಾಟ್ ತರ ಬೇಗ ಕೆಡುವುದೂ ಇಲ್ಲ. ಏರ್ ತೆಗೆಯಲು ಮೆಡಿಕಲ್ ಸ್ಟೋರಿನ ಸೂಜಿಯಿಲ್ಲದ ಸಿರಿಂಜ್, ಹೊಂದುವ ಪ್ಲಾಸ್ಟಿಕ್ ಟ್ಯೂಬ್ ಸಾಕು. ಆದರೆ ಡಾಟ್‌ಗೆ ಬಳಸಿದ ಸಿರಿಂಜನ್ನು ಮಿನರಲ್‌ಗೆ ಬಳಸುವಂತಿಲ್ಲ, ತೊಳೆದರೂ ಬೇಡ. ಎರಡಕ್ಕೂ ಬೇರೆ ಬಣ್ಣದ ಟೇಪ್ ಸುತ್ತಿ ಬೇರೆ ಡಬ್ಬದಲ್ಲಿ ಇಡಿ. ಕೆಲಸಕ್ಕೆ ಕೂರುವ ಮುಂಚೆ ಪ್ಯಾಡ್ ಬಿಚ್ಚಿ ದೂರ ಇಟ್ಟುಬಿಡಿ, ಒಂದು ಹನಿ ಬಿದ್ದರೂ ಪ್ಯಾಡ್ ಹೋಯಿತು. ತುಂಬಿದ ಮೇಲೆ ಯಾವ ಎಣ್ಣೆ, ಯಾವ ತಿಂಗಳು ಅಂತ ಚಿಕ್ಕ ಸ್ಟಿಕ್ಕರಿನಲ್ಲಿ ಬರೆದು ಲಿವರಿನ ಪಕ್ಕ ಅಂಟಿಸಿದರೆ ಮುಂದೆ ಯಾರ ಕೈಗೆ ಆ ಸೈಕಲ್ ಹೋದರೂ ಗೊತ್ತಾಗುತ್ತದೆ. ಇಳಿಸಿದ ಹಳೆ ಎಣ್ಣೆಯನ್ನು ಚರಂಡಿಗೋ ನಾಲೆಗೋ ಚೆಲ್ಲದೆ, ಗ್ಯಾರೇಜಿನ ವೇಸ್ಟ್ ಆಯಿಲ್ ಡ್ರಮ್ಮಿಗೆ ಹಾಕಿ. ಡಾಟ್ ಇದ್ದರೆ ಅದಕ್ಕೆ ಬೇರೆ ಕ್ಯಾನ್ ಇರಲಿ.